ಕುಡಿಯದವರ ಊರಿನ ಕಳ್ಳಿನಂಗಡಿಗಳು

ನನ್ನ ಬಳಿ ಹೇಳಿದ ಗುಟ್ಟು ಭದ್ರವಾಗಿರುತ್ತದೆ ಎಂದು ನಾನು ಬಹುಕಾಲ ನಂಬಿದ್ದೆ. ಅದರಲ್ಲಿ ನನ್ನ ಗುಣದ ಪಾಲೇನೂ ಇರಲಿಲ್ಲ, ಎಲ್ಲವೂ ನನ್ನ ಕೈಬರಹದ ಮಹಿಮೆ. ಇವತ್ತು ಬರೆದದ್ದನ್ನು ನಾಳೆ ನಾನೇ ಓದಲಾರೆ. ಇಂಥವನನ್ನು ಕರೆದು ಒಂದು ಊರು ತನ್ನ ಚರಿತ್ರೆ ಬರೆಯಲು ಕೂರಿಸಿದ್ದು ಊರಿನ ಗ್ರಹಚಾರವೋ ನನ್ನ ಗ್ರಹಚಾರವೋ, ಇನ್ನೂ ತೀರ್ಮಾನವಾಗಿಲ್ಲ.

ಎಂಬತ್ತರ ದಶಕದ ಮಾತು. ಮೈಸೂರಿನಿಂದ ತಮಿಳು ಸೀಮೆಯ ಪೋತ್ತನೂರಿನ ರೈಲ್ವೆ ಕೆಲಸಕ್ಕೆ ವರ್ಗವಾಗಿ ಬಂದ ನಾನು, ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರದ ನೇಕಾರರ ಹಳ್ಳಿಯೊಂದರಲ್ಲಿ ಸಂಸಾರ ಹೂಡಿದ್ದೆ. ಅಲ್ಲಿಯವರಿಗೆ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಮಾತ್ರ ಯಾರಿಗೂ ಗೊತ್ತಿಲ್ಲ. ನಿವೃತ್ತ ತಮಿಳು ಮೇಷ್ಟ್ರು ರಂಗಸಾಮಿ ವಾದ್ಯಾರ್ ಊರಿನ ಚರಿತ್ರೆ ಬರೆಯಲು ಒಂದು ಸಂಘ ಕಟ್ಟಿದ್ದರು. ಮೊದಲು ಗುಡಿಯ ಚರಿತ್ರೆಗೆ ಕೈಹಾಕಿದರು. ಕಂಬ ಕೊಟ್ಟವರು ನಮ್ಮ ತಾತ ಎಂದು ಐದು ಮನೆಯವರು ಜಗಳಕ್ಕೆ ನಿಂತರು, ಇದ್ದದ್ದು ನಾಲ್ಕೇ ಕಂಬ. ಬಾವಿಯ ಚರಿತ್ರೆಗೂ ಅದೇ ಗತಿಯಾಯಿತು. ಕೊನೆಗೆ ವಾದ್ಯಾರ್, ಮದ್ಯನಿಷೇಧಕ್ಕೆ ಮುಂಚೆ ಊರಲ್ಲಿದ್ದ ಕಳ್ಳಿನಂಗಡಿಗಳನ್ನು ಹಿಡಿದುಕೊಂಡರು. ಅವನ್ನು ತಮ್ಮದೆಂದು ಹೇಳಿಕೊಳ್ಳಲು ಯಾರೂ ಬರಲಿಲ್ಲ.

ಕಷ್ಟ ಶುರುವಾದದ್ದೂ ಅಲ್ಲಿಯೇ. ಊರಲ್ಲಿ ಮೂರು ಕಳ್ಳಿನಂಗಡಿಗಳಿದ್ದವು ಎನ್ನುವುದನ್ನು ಎಲ್ಲ ಮುದುಕರೂ ಒಪ್ಪಿದರು. ಅಮಾವಾಸ್ಯೆಯಂದು ಮಗ್ಗ ಮುಟ್ಟುವಂತಿಲ್ಲವಾದ್ದರಿಂದ ಅಂದು ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ ಎನ್ನುವುದನ್ನೂ ಒಪ್ಪಿದರು. ಆದರೆ ಕುಡಿದವರು ಮಾತ್ರ ಒಬ್ಬರೂ ಸಿಗಲಿಲ್ಲ. ಹೋದವರೆಲ್ಲ ಯಾರನ್ನೋ ಕರೆತರಲು ಹೋದವರು. ವಾದ್ಯಾರರ ತಮಿಳು ನೋಟುಬುಕ್ಕು ತಿಂಗಳಾದರೂ ಎರಡನೇ ಪುಟ ದಾಟಲಿಲ್ಲ.

ಒಂದು ಸಂಜೆ ವಾದ್ಯಾರರ ಜೊತೆ ಚಿನ್ನಸಾಮಿ ತಾತನ ಮನೆಗೆ ಹೋದಾಗ ನಾನೂ ಸುಮ್ಮನೆ ಕನ್ನಡದಲ್ಲಿ ಗೀಚಿಕೊಳ್ಳುತ್ತಿದ್ದೆ. ತಾತ ಬಗ್ಗಿ ನೋಡಿದರು.

"ಇದೇನು ಎಳುತ್ತು, ತಂಬಿ?"

"ಕನ್ನಡದ ಅಕ್ಷರ, ತಾತ. ನೀವು ಮನೆಯಲ್ಲಿ ಆಡ್ತೀರಲ್ಲ, ಅದೇ."

"ಇದನ್ನ ನಮ್ಮೂರಲ್ಲಿ ಯಾರು ಓದ್ತಾರೆ?"

"ನನ್ನ ಬಿಟ್ಟರೆ ಯಾರೂ ಇಲ್ಲ."

"ವಾದ್ಯಾರೇ, ನೀವು ಬುಕ್ಕು ಮುಚ್ಚಿ ಒಳಗೆ ಹೋಗಿ ಕಾಪಿ ಕುಡೀರಿ," ಎಂದರು ತಾತ. "ತಂಬಿ, ನೀ ಎಳುದು."

ಬರೆದೆ. ಮದುವೆಯಾದ ಹೊಸದರಲ್ಲಿ ಮೊದಲ ಕೂಸು ಮೂರು ತಿಂಗಳಿಗೇ ತೀರಿಹೋಗಿತ್ತಂತೆ. ತಾನೂ ಅತ್ತರೆ ಹೆಂಡತಿ ರುಕ್ಕಮ್ಮ ಉಳಿಯುವುದಿಲ್ಲವೆಂದು ಮನೆಯಲ್ಲಿ ಕಲ್ಲಿನಂತೆ ಕೂತಿದ್ದವರು, ಅಮಾವಾಸ್ಯೆಗೆ ಗುಡಿಗೆ ಹೋಗುತ್ತೇನೆಂದು ಹೇಳಿ ಕಳ್ಳಿನಂಗಡಿಗೆ ಹೋಗಿ, ಅದರ ಹಿಂದಿನ ಹುಣಸೆಮರ ತಬ್ಬಿಕೊಂಡು ಅತ್ತಿದ್ದರು. "ಇದು ಅವಳಿಗೆ ತೆರಿಯಬಾರದು," ಎಂದು ನನ್ನ ಕೈಹಿಡಿದು ಮಾತು ತೆಗೆದುಕೊಂಡರು. ಮನೆಗೆ ಬರುವಾಗ ನನಗೆ ಸೈಕಲ್ ತುಳಿಯುವ ಮನಸ್ಸಾಗಲಿಲ್ಲ, ತಳ್ಳಿಕೊಂಡೇ ಬಂದೆ.

ಸುದ್ದಿ ಹಬ್ಬಿತು. ಯಾರಿಗೂ ಓದಲು ಬಾರದ ಪುಸ್ತಕ ಸಿಕ್ಕಿದ್ದೇ ತಡ, ಊರಿನ ಮುದುಕರೆಲ್ಲ ಸಾಲುಗಟ್ಟಿ ಬಂದು ತಮ್ಮ ತಾರುಣ್ಯವನ್ನು ಬರೆಸಿಹೋದರು. ನನ್ನ ಭಾಷೆಯ ಲಿಪಿಗೆ ಇಂಥ ಉಪಯೋಗವೂ ಇದೆಯಲ್ಲ ಎಂದು ಒಂದು ಗಳಿಗೆ ಬೇಜಾರಾದರೂ ನಾನು ಬೀಗಿದೆ.

ಈ ಬೀಗುವಿಕೆಯಲ್ಲಿ ನನ್ನ ಹೆಂಡತಿ ಶಾರದೆಯನ್ನು ಮರೆತೇಬಿಟ್ಟಿದ್ದೆ. ಮದುವೆಗೆ ಮುಂಚೆ ನಾನು ಬರೆದ ಕಾಗದಗಳನ್ನು ಓದಿ ಪಳಗಿದವಳಿಗೆ ನನ್ನ ಅಕ್ಷರ ಯಾವ ಲೆಕ್ಕ? ಮಧ್ಯಾಹ್ನ ಬೀದಿಯ ಹೆಂಗಸರು ರಾಟೆ ತಂದು ನಮ್ಮ ಜಗಲಿಯಲ್ಲಿ ನೂಲು ಸುತ್ತುತ್ತಿದ್ದರು. ಅವರಿಗೆ ಇವಳು ಮೈಸೂರಿನಿಂದ ಬರುವ ವಾರಪತ್ರಿಕೆಯ ಕಥೆ ಓದಿ ಹೇಳುತ್ತಿದ್ದಳು. ಒಂದು ವಾರ ಪತ್ರಿಕೆ ಬರಲಿಲ್ಲ. ಅಷ್ಟು ಸಾಕಾಯಿತು.

ಇದೊಂದೂ ತಿಳಿಯದೆ ನಾನು ಗುಡಿಯ ಮಂಟಪದಲ್ಲಿ, ಊರೆಲ್ಲ ಸೇರಿದ ಸಭೆಯಲ್ಲಿ, ಹೆಸರುಗಳನ್ನು ಹಾರಿಸಿ, ಗುಟ್ಟುಗಳನ್ನು ನುಂಗಿ, ಚರಿತ್ರೆ ಓದುತ್ತಿದ್ದೆ. ಹೆಂಗಸರ ಸಾಲಿನಿಂದ ರುಕ್ಕಮ್ಮ ಎದ್ದರು.

"ತಂಬಿ, ನಮ್ಮವರು ಹುಣಸೆಮರ ತಬ್ಕೊಂಡು ಅತ್ತದ್ದು ಎಲ್ಲಿ? ಅದ ಯಾಕೆ ಬಿಟ್ಟೆ?"

ತಾತ ನನ್ನನ್ನು ನೋಡಿದ ನೋಟಕ್ಕೆ ನಾನು ಕೂತಲ್ಲೇ ಕುಗ್ಗಿದೆ. ನಾನು ಶಾರದೆಯನ್ನು ನೋಡಿದೆ. ಅವಳು ಗೋಪುರ ನೋಡುತ್ತಿದ್ದಳು.

"ಕೂಸು ಹೋದಾಗ ಇವರ ಕಣ್ಣಲ್ಲಿ ಒಂದು ಹನಿ ನೀರಿಲ್ಲೆ ಅಂತ ಐವತ್ತು ವರುಷ ಮನಸ್ಸಲ್ಲಿ ಕೋಪ ಇಟ್ಕೊಂಡಿದ್ದೆ," ಎಂದರು ರುಕ್ಕಮ್ಮ. "ಹೋದ ವಾರ ತಾನೇ ತೀರ್ತು. ಅದ ಓದು. ನಾಲ್ಕು ಜನ ಕೇಳಲಿ."

ತಾತ ಹೆಗಲ ಮೇಲಿನ ತುಂಡುಬಟ್ಟೆಯಿಂದ ಮುಖ ಒರೆಸಿಕೊಂಡು, ಓದು ಎಂಬಂತೆ ಕೈಮಾಡಿದರು. ಓದಿದೆ. ಯಾರೂ ನಗಲಿಲ್ಲ. ಆಮೇಲೆ ಮಿಕ್ಕ ಮುದುಕರಿಗೂ ಧೈರ್ಯ ಬಂದು, ನಂದೂ ಓದು ನಂದೂ ಓದು ಎಂದರು. ವಾದ್ಯಾರರಂತೂ, ಇನ್ನು ಒಂದು ಸಾಲನ್ನೂ ಬಿಡಕೂಡದೆಂದು ಅಪ್ಪಣೆ ಮಾಡಿದರು.

ಹೀಗೆ ಪುಟ ಪುಟವಾಗಿ ಕೊನೆಯ ಪುಟಕ್ಕೆ ಬಂದು ನಿಂತೆ. ಅಲ್ಲಿದ್ದದ್ದು ನಾನೇ. ಕಳ್ಳಿನ ರುಚಿ ತಿಳಿಯದೆ ಕಳ್ಳಿನಂಗಡಿಯ ಚರಿತ್ರೆ ಬರೆಯುವುದು ಅಪ್ರಾಮಾಣಿಕತೆಯೆಂದು ಒಂದು ಭಾನುವಾರ ತೆಂಗಿನ ತೋಪಿಗೆ ಹೋಗಿ ಒಂದು ಮೊಗೆ ಕುಡಿದದ್ದು, ಇನ್ನೊಮ್ಮೆ ಪರೀಕ್ಷಿಸಲು ಮತ್ತೊಂದು ಕುಡಿದದ್ದು, ಮನೆಯಲ್ಲಿ ಅದನ್ನು ಎಳನೀರೆಂದು ಹೇಳಿದ್ದು, ಎಲ್ಲವನ್ನೂ ನಿಷ್ಠೆಯಿಂದ ಬರೆದಿಟ್ಟಿದ್ದೆ. ದನಿ ತಗ್ಗಿಸಿ, ಬೇಗಬೇಗ ಓದತೊಡಗಿದೆ.

"ಸ್ವಲ್ಪ ಜೋರಾಗಿ ಓದ್ರೀ," ಎಂದಳು ಶಾರದೆ ಮುಂದಿನ ಸಾಲಿನಿಂದ, "ಹಿಂದಿರೋರಿಗೆ ಕೇಳಿಸ್ತಿಲ್ಲ."