ಒರೆಸಿದರೂ ಹೋಗದ ಹೆಸರುಗಳು

ಸತ್ತವರು, ಊರು ಬಿಟ್ಟವರು, ರೂಮು ಖಾಲಿ ಮಾಡಿದವರು ಎಲ್ಲರೂ ಒಂದಲ್ಲ ಒಂದು ದಿನ ನಮ್ಮ ಅಂಗಡಿಗೆ ವಾಪಸ್ ಬರುತ್ತಾರೆ. ನನಗೀಗ ಅಭ್ಯಾಸವಾಗಿದೆ.

ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರದ ಪ್ರಿಂಟಿಂಗ್ ಅಂಗಡಿಯಲ್ಲಿ ನಾನು ಡಿಸೈನ್ ಮಾಡುವವಳು. ಮಾರ್ಕರಿನಲ್ಲಿ ಬರೆದು ಒರೆಸುವ ಬೋರ್ಡುಗಳನ್ನೂ ಮಾಡಿಕೊಡುತ್ತೇವೆ. ಕಾಲಂಗಳನ್ನು ಪ್ರಿಂಟ್ ಮಾಡಿ ಮೇಲೆ ತೆಳುವಾದ ಫಿಲ್ಮ್ ಅಂಟಿಸುವುದು. ಬರೆದು ಒರೆಸಲಿಕ್ಕೆಂದೇ ನುಣುಪಾದ ಒಂದು ಫಿಲ್ಮ್ ಬರುತ್ತದೆ. ನಮ್ಮ ಯಜಮಾನರು ತರಿಸಿದ್ದು ಮ್ಯಾಟ್ ಫಿಲ್ಮ್. ಹೊಳೆಯುವುದಿಲ್ಲ, ಮದುವೆ ಕಾಗದದ ಹಾಗೆ ಚಂದ ಕಾಣುತ್ತದೆ. ಆದರೆ ಇಂಕು ಅದರ ತರಿತರಿಯೊಳಗೆ ಇಳಿದು ಕೂರುತ್ತದೆ. ಸ್ಪಿರಿಟ್ ಹಾಕಿ ಒರೆಸಿದರೆ ಹೋದಂತೆ ಕಾಣುತ್ತದೆ. ಒಣಗಿದ ಮೇಲೆ, ಒಳಗಿನಿಂದ ಯಾರೋ ಬರೆಯುತ್ತಿರುವ ಹಾಗೆ, ಮೆಲ್ಲಗೆ ಮೇಲೆ ಬರುತ್ತದೆ.

ಫಿಲ್ಮ್ ಬಂದ ಡಬ್ಬದ ಮೇಲೆ ಇಂಗ್ಲಿಷಿನಲ್ಲಿ, ಬರೆಯುವ ಬೋರ್ಡಿಗೆ ಇದಲ್ಲ ಎಂದಿತ್ತು. ಯಜಮಾನರಿಗೆ ಓದಿ ಹೇಳಿದೆ. ನನ್ನ ದನಿ ಮಷಿನ್ ಸದ್ದು ದಾಟುವುದಿಲ್ಲ. ಮತ್ತೊಮ್ಮೆ ಹೇಳಿದ್ದಕ್ಕೆ, "ಈ ರೋಲ್ ಮುಗೀಲಿ ಮಾರಾಯ್ತಿ, ಆಮೇಲೆ ನೋಡಣ" ಅಂದರು.

ಮನೆಯಲ್ಲಿ ಆಗ ಅಕ್ಕನ ನಿಶ್ಚಿತಾರ್ಥದ ತಯಾರಿ. ಹುಡುಗನ ಅಜ್ಜನಿಗೆ ಶಕುನದ ಮೇಲೆ ಬಹಳ ನಂಬಿಕೆ. ಹಲ್ಲಿ ಲೊಚಗುಟ್ಟಿತೆಂದು ಮೊಮ್ಮಗನಿಗೆ ಬಂದಿದ್ದ ಒಂದು ಒಳ್ಳೇ ಸಂಬಂಧವನ್ನೇ ಬಿಟ್ಟವರು. ಇದೊಂದು ಸುಸೂತ್ರ ಮುಗಿದರೆ ಸಾಕು ಎಂದು ಅಮ್ಮ ದಿನಾ ದೀಪ ಹಚ್ಚುತ್ತಿದ್ದಳು.

ಈಗ ಒಳಗೆ ಇರುವವರು

ನರಸಿಂಹರಾಜಪುರದ ಒಂದು ಕ್ಲಿನಿಕ್ಕಿನ ಬೋರ್ಡಿನ ಮೇಲೆ ಹೀಗೆ ಬರೆಸಿದ್ದರು. ಕೆಳಗೆ ರೋಗಿಯ ಹೆಸರು ಬರೆಯಬೇಕು. ಸೀತೂರಿನ ಹಿರಿಯರೊಬ್ಬರ ಹೆಸರು ಅಲ್ಲೇ ಕೂತುಬಿಟ್ಟಿತು. ಅವರು ತೀರಿಕೊಂಡು ಎಷ್ಟೋ ದಿನವಾಗಿತ್ತು.

ದೂರು ಬಂತೆಂದು ನಾನೇ ನೋಡಲು ಹೋದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಹೆಸರು ತೇಲಿ ಬಂತು. ಬೆಂಚಿನಲ್ಲಿದ್ದವರು ಒಬ್ಬರಿಗೊಬ್ಬರು ಒತ್ತಿ ಕೂತರು. ಒಳಗೆ ಯಾರೋ ಕೆಮ್ಮಿದರು. ಡಾಕ್ಟರೇ ಇರಬೇಕು, ಆದರೂ ಎದ್ದು ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಕೊನೆಗೆ ಮಂಡಿನೋವಿನ ಅಜ್ಜಿಯೊಬ್ಬರು ಗೋಡೆ ಹಿಡಿದು ಎದ್ದರು. "ಅವರಿಗೆ ಇನ್ನೆಂತ ಅವಸರ? ನಾನು ಮೊದಲು ತೋರಿಸ್ಕಂಡು ಬತ್ತೆ."

ತುಂಬಿದ ಲಾಡ್ಜು

ಶೃಂಗೇರಿಯ ಒಂದು ಲಾಡ್ಜಿನಲ್ಲಿ ರೂಮ್ ನಂಬರಿನ ಎದುರು ತಂಗಿದವರ ಹೆಸರು ಬರೆಯುವ ಬೋರ್ಡು. ಗಂಡ ಹೆಂಡತಿ ಬಂದರು. ಮ್ಯಾನೇಜರ್ ಅವರ ಹೆಸರು ಬರೆಯುತ್ತಿದ್ದಂತೆ, ಅದರ ಅಡಿಯಲ್ಲಿ ಮಸುಕಾಗಿ ಇನ್ನೊಬ್ಬ ಹೆಂಗಸಿನ ಹೆಸರು.

"ಇವರು ಯಾರು?" ಹೆಂಡತಿ ಕೇಳಿದರು.

"ಯಾರೂ ಇಲ್ಲಮ್ಮ. ಒರೆಸಿದರೆ ಹೋಗ್ತಾರೆ."

ಮ್ಯಾನೇಜರ್ ಒರೆಸಿದರು. ಆಕೆ ಹೋದರು. ಗಂಡ ಸಹಿ ಹಾಕಿ ಪೆನ್ನು ಕೆಳಗಿಡುವಷ್ಟರಲ್ಲಿ ವಾಪಸ್ ಬಂದರು. ಬೇರೆ ರೂಮು ಕೊಡಿ ಅಂದರೆ, ಅಲ್ಲೂ ಒಬ್ಬರಿದ್ದರು. ದಂಪತಿ ಚೀಲ ಎತ್ತಿಕೊಂಡು ನಡೆದರು.

ಮ್ಯಾನೇಜರ್ ನಮಗೆ ಫೋನ್ ಮಾಡಿದರು. ಹೊಸ ಬೋರ್ಡು ಮಾಡಿಕೊಡುತ್ತೇವೆ ಸಾರ್, ಅಂದೆ.

"ಅದಿರಲಿ," ಅಂದರು. "ಇಷ್ಟು ಜನ ಇದಾರಲ್ಲ, ಇವರ ಹತ್ರ ಬಾಡಿಗೆ ಕೇಳೋದು ಹೇಗೆ, ಅದು ಹೇಳಿ."

ಎಲೆಯ ತುದಿಯಲ್ಲಿ

ಅಕ್ಕನ ನಿಶ್ಚಿತಾರ್ಥಕ್ಕೆ ಅಡಿಗೆ ಹರಿಹರಪುರದ ಭಟ್ಟರದ್ದು. ಯಾವ ಮನೆ, ಯಾವ ಕಾರ್ಯ, ಎಷ್ಟು ಜನ ಎಂದು ಬರೆಯಲು ಅವರೂ ನಮ್ಮಲ್ಲೇ ಬೋರ್ಡು ಮಾಡಿಸಿದ್ದರೆಂದು ನನಗೆ ಗೊತ್ತಿರಲಿಲ್ಲ.

ಉಂಗುರ ಬದಲಾಯಿಸಿ ಆಯಿತು. ಪಂಕ್ತಿ ಕೂತಿತು. ಬಿಸಿ ಜಿಲೇಬಿ ಬಂತು. ಅದರ ಪಕ್ಕಕ್ಕೆ, ಎಲೆಯ ತುದಿಗೆ, ಒಂದೊಂದೇ ಎಳ್ಳುಂಡೆ ಇಡುತ್ತಾ ಬಂದರು.

ತಿಥಿಯೂಟದಲ್ಲಿ ಬಡಿಸುವ ಎಳ್ಳುಂಡೆ. ಚಟ್ನಿ ಹಾಕುತ್ತಿದ್ದವನ ಕೈ ಹಾಗೇ ನಿಂತಿತು. ಇದೆಂತ ಎಂದು ಅಮ್ಮ ಭಟ್ಟರ ಹತ್ತಿರ ಪಿಸುಗುಟ್ಟಿದಳು. ಭಟ್ಟರಿಗೆ ಪಿಸುಗುಟ್ಟಲು ಬರುವುದಿಲ್ಲ.

"ಬೋರ್ಡಲ್ಲಿ ಎರಡೂ ಇತ್ತಲ್ಲಮ್ಮ. ನಿಶ್ಚಿತಾರ್ಥನೂ ಇತ್ತು, ತಿಥಿನೂ ಇತ್ತು. ಒಟ್ಟಿಗೇ ಇಟ್ಕೊಂಡಿದೀರಿ ಅಂದ್ಕೊಂಡೆ. ಅಂಥದ್ದನ್ನ ಬಾಯಿಬಿಟ್ಟು ಕೇಳೋದು ಹೇಗೆ?"

ನನಗೆ ತಟ್ಟನೆ ಹೊಳೆಯಿತು. ಎಂದೂ ನಾಲ್ಕು ಜನರೆದುರು ಮಾತಾಡದ ನಾನು ಎದ್ದು ನಿಂತೆ. "ಅದು ಹಿಂದಿನ ದಿನದ ಮನೆಯದ್ದು. ಎಷ್ಟು ಒರೆಸಿದರೂ ಒಣಗಿದ ಮೇಲೆ ವಾಪಸ್ ಬರುತ್ತೆ."

ಇದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ನನ್ನ ಪಕ್ಕದಲ್ಲಿದ್ದ ಚಿಕ್ಕಮ್ಮ ಎಲೆಯನ್ನು ಸ್ವಲ್ಪ ದೂರ ಸರಿಸಿಕೊಂಡರು.

"ಯಾರ ತಿಥಿ?" ಹುಡುಗನ ಅಜ್ಜ ಕೇಳಿದರು.

ಪಂಕ್ತಿಯ ಕಣ್ಣುಗಳೆಲ್ಲ ತಮಗೇ ಗೊತ್ತಿಲ್ಲದಂತೆ, ಅಲ್ಲಿ ಎಲ್ಲರಿಗಿಂತ ಹಿರಿಯರಾದ ಅವರ ಮೇಲೇ ಹೋಗಿ ಕೂತವು. ಅಕ್ಕ ಉಂಗುರದ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು, ಬಿಚ್ಚಿಕೊಡು ಅಂದುಬಿಟ್ಟಾರೆಂಬ ಹಾಗೆ.

ಅಜ್ಜ ಎಳ್ಳುಂಡೆ ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನಕ್ಕೆ ಅಗಿದರು. ಆಮೇಲೆ ಜಿಲೇಬಿ ತಿಂದರು. ಕೈ ಎತ್ತಿ ಇನ್ನೊಂದು ಹಾಕಿಸಿಕೊಂಡರು. ಮಗನ ಕಡೆ ತಿರುಗಿದರು.

"ಸಂಬಂಧ ಗಟ್ಟಿ. ಮದುವೆ ಅಡಿಗೆಗೂ ಈ ಭಟ್ಟರಿಗೇ ಹೇಳು," ಅಂದರು. ಬೆರಳಿಗಂಟಿದ ಪಾಕ ನೆಕ್ಕಿಕೊಂಡು ಮುಂದುವರಿಸಿದರು: "ನನ್ನ ತಿಥಿಗೂ. ತಿಥಿಗೆ ಜಿಲೇಬಿ ಬೇರೆ ಯಾರು ಹಾಕ್ತಾರೆ?"