ಎಂಟು ವಾರದ ಧೈರ್ಯ

ಚಲುವರಾಜು ಮೇಷ್ಟ್ರು ಮೈಸೂರಿನಲ್ಲಿ ಮೂರು ದಿನದ ತರಬೇತಿ ಮುಗಿಸಿ, ಅಂಜುವ ಮಕ್ಕಳಿಗೆ ಧೈರ್ಯ ಕಲಿಸುವ ಪುಸ್ತಕವೊಂದನ್ನು ತಂದು ಪಿರಿಯಾಪಟ್ಟಣದ ಪೇಟೆ ಶಾಲೆಯ ಬೀರುವಿನಲ್ಲಿಟ್ಟಿದ್ದರು. ವಾರಕ್ಕೊಂದು ಪಾಠ, ಒಟ್ಟು ಎಂಟು ವಾರ. ಅಷ್ಟರಲ್ಲಿ ಮತದಾರರ ಪಟ್ಟಿಯ ಕೆಲಸ ತಲೆಗೆ ಬಿತ್ತು. ಮನೆ ಮನೆ ಸುತ್ತುವುದರಲ್ಲಿ ಪುಸ್ತಕ ತೆರೆಯಲೇ ಇಲ್ಲ. ರಿಜಿಸ್ಟರಿನಲ್ಲಿ ಮಾತ್ರ ಪ್ರತಿ ಶನಿವಾರ ತಪ್ಪದೆ ‘ಪಾಠ ಮುಗಿದಿದೆ, ಕಾವ್ಯಶ್ರೀ ಸುಧಾರಿಸುತ್ತಿದ್ದಾಳೆ’ ಎಂದು ಬರೆದಿಟ್ಟರು.

ಮಾಡಿದ್ದುಣ್ಣೋ ಮಹಾರಾಯ. ಒಂದು ಗುರುವಾರ ಬೆಳಿಗ್ಗೆ ಫೋನು ಬಂತು: ಮೂರು ಗಂಟೆಗೆ ತಪಾಸಣೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರೆ, ಕಾವ್ಯಶ್ರೀಯನ್ನು ಮಾತಾಡಿಸುತ್ತಾರೆ.

ಕಾವ್ಯಶ್ರೀ ಐದನೇ ತರಗತಿ. ಹಾಜರಿ ಕೂಗಿದರೆ ಕೈ ಎತ್ತುವಳೇ ಹೊರತು ಶಾಲೆಯಲ್ಲಿ ಅವಳ ದನಿ ಕೇಳಿದವರಿಲ್ಲ. ಅವಳು ಬಾಯಿ ಬಿಡದಿದ್ದರೆ ಮೇಷ್ಟ್ರ ಕೆಲಸಕ್ಕೇ ಕುತ್ತು.

“ಎಂಟು ವಾರದ್ದ ಒಂದಿನ್ದಲ್ಲೇ ಮಾಡ್ಬುಡಿ ಸಾ,” ಎಂದ ಜವಾನ ಕುಳ್ಳಯ್ಯ.

ಪ್ರಾರ್ಥನೆಗೆ ಮೊದಲೇ ಒಂದನೇ ವಾರ ಮುಗಿಯಿತು. “ನಿಂಗ್ಯಾತರ ಭಯ?” ಎಂದು ಕೇಳಿ, ಉತ್ತರವನ್ನೂ ಮೇಷ್ಟ್ರು ತಾವೇ ಬರೆದುಕೊಂಡರು. ಎರಡನೇ ವಾರದ್ದು ನಿಧಾನವಾಗಿ ಉಸಿರಾಡುವ ಪಾಠ. ಮುಖ್ಯೋಪಾಧ್ಯಾಯಿನಿ ಬೃಂದಾ ಮೇಡಂ ಬಂದು, “ಇಷ್ಟು ಮೆಲ್ಲಗೆ ಎಳೆದ್ರೆ ಮೂರು ಗಂಟೆಗೆ ಮುಗೀತದೇನ್ರೀ? ಬೇಗ ಎಳಿಯೇ!” ಎಂದು ಮೇಜಿನ ಮೇಲೆ ಸ್ಕೇಲು ಬಡಿದರು. ಹುಡುಗಿಗೆ ಬಿಕ್ಕಳಿಕೆ ಹತ್ತಿತು.

“ಬಾಯಿಂದ ಸದ್ದು ಬತ್ತಾದೆ ಸಾ, ಗುಣ ಕಾಣ್ತಾದೆ!” ಎಂದು ಹಿಗ್ಗಿದ ಕುಳ್ಳಯ್ಯ, ಅದು ನಿಲ್ಲದ್ದು ಕಂಡು, ಅವಳ ಹಿಂದಿನಿಂದ “ಕಾಲ್ತಾವ ಆವು!” ಎಂದು ಕಿರುಚಿದ. ಬಿಕ್ಕಳಿಕೆ ನಿಂತಿತು, ಹುಡುಗಿ ಬೆಂಚಿನಡಿ ಸೇರಿದಳು. ಮೂರನೇ ವಾರ ಅಲ್ಲೇ ನಡೆಯಿತು.

ನಾಲ್ಕನೇ ವಾರ ನಾಲ್ಕು ಜನರೆದುರು ಹೆಸರು ಹೇಳಬೇಕು. ಬೃಂದಾ ಮೇಡಂ ನಾಲ್ಕೇಕೆ ಎಂದು ಇಡೀ ಶಾಲೆಯನ್ನೇ ಸುತ್ತ ನಿಲ್ಲಿಸಿದರು. “ಹೆದರ್ಬ್ಯಾಡ!” ಎಂದು ಇನ್ನೂರು ಬಾಯಿ ಒಟ್ಟಿಗೆ ಕೂಗಿದರೆ ಯಾರಿಗೆ ತಾನೆ ಹೆದರಿಕೆಯಾಗದು? ಕಾವ್ಯಶ್ರೀ ಬಿಕ್ಕಿ ಬಿಕ್ಕಿ ಅತ್ತಳು. ಮೇಷ್ಟ್ರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ಎಲ್ಲರನ್ನೂ ಓಡಿಸಿದರು.

ಊಟದ ಹೊತ್ತಿನಲ್ಲಿ ನಲ್ಲಿ ಕಟ್ಟೆಯ ಮೇಲೆ ಅವಳ ಪಕ್ಕ ಸುಮ್ಮನೆ ಕೂತರು. ಪುಸ್ತಕ ಕೈಯಲ್ಲಿರಲಿಲ್ಲ.

“ಸಾಹೇಬ್ರು ಅಂದ್ರೆ ನಂಗೂ ಭಯ ಕಣವ್ವ. ಎದೆ ಡವಡವ ಅಂತದೆ.”

ಕಾವ್ಯಶ್ರೀ ತಿರುಗಿ ನೋಡಿದಳು. “ನಿಮ್ಗೂನಾ ಸಾ?”

“ಊಂ. ನಿಂಗೆ ಮಾತಾಡಿದ್ರೆ ಏನಾಗ್ತದೆ ಅಂತ ಭಯ?”

“ನಗ್ತಾರೆ.”

“ನಕ್ರೆ?”

ಅವಳು ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು. “ನಕ್ಕಂಡ್ ಓಗ್ಲಿ.”

ಪುಸ್ತಕದ ಐದನೇ ಪಾಠ ಇದೇ ಎಂಬುದು ಮೇಷ್ಟ್ರಿಗೆ ಹೊಳೆಯಲೇ ಇಲ್ಲ.

ಮೂರು ಗಂಟೆಗೆ ಸಾಹೇಬರು ಬಂದು ರಿಜಿಸ್ಟರು ಬಿಡಿಸಿಕೊಂಡು ಕೂತರು. “ಏನಮ್ಮಾ, ಮೇಷ್ಟ್ರು ಹೇಗೆ ಕಲಿಸಿದರು?”

ಮೇಷ್ಟ್ರು ಒರೆಸಿದ ಬೋರ್ಡನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಕಾವ್ಯಶ್ರೀ ಅದನ್ನು ನೋಡಿದಳು. ಪಾಪ, ಇವರನ್ನು ಉಳಿಸಬೇಕು ಅನ್ನಿಸಿತು. ಎದ್ದು ನಿಂತು, ಹಿಂದಿನ ಬೆಂಚಿಗೂ ಕೇಳುವಂತೆ ಹೇಳಿದಳು:

“ಬಾಳ ಒಳ್ಳೆ ಮೇಷ್ಟ್ರು ಸಾ! ಎಂಟು ವಾರದ್ದ ಇವತ್ತೊಂದೇ ದಿನ್ದಲ್ಲಿ ಕಲ್ಸಕ್ಕೆ ಎಷ್ಟ್ ಕಷ್ಟ ಬಿದ್ರು! ಪ್ರೇಯರ್‌ಗೆ ಮುಂಚೆ ಒಂದ್ನೇ ವಾರ, ಇಂಟರ್‌ವಲ್‌ಗೆ ನಾಕ್ನೇ ವಾರ. ಊಟಾನೂ ಮಾಡ್ನಿಲ್ಲ ಸಾ!”

ಚಲುವರಾಜು ಅವರ ಕಣ್ಣು ತುಂಬಿಬಂತು. ಹುಡುಗಿ ಮಾತಾಡಿದ್ದಕ್ಕೋ, ಆಡಿದ ಮಾತಿಗೋ, ಅವರಿಗೇ ತಿಳಿಯಲಿಲ್ಲ.

ಸಾಹೇಬರು ಎಂಟು ಶನಿವಾರಗಳ ಬರಹವನ್ನು ಕೆಂಪು ಶಾಯಿಯಲ್ಲಿ ಹೊಡೆದು ಮೆಮೊ ಬರೆದುಕೊಟ್ಟರು. “ಸೋಮವಾರದಿಂದ ಇದೇ ಹುಡುಗಿಗೆ ಮೊದಲಿಂದ ಮಾಡಿ. ವಾರವಾರ ನಾನೇ ಬರ್ತೀನಿ. ಭಯ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗೋದು ನನ್ನ ಕಣ್ಣಿಗೆ ಕಾಣಬೇಕು. ಕಾಣದಿದ್ರೆ ಸಸ್ಪೆಂಡು.”

ಸಂಜೆ ಶಾಲೆ ಬಿಟ್ಟಾಗ ಮೇಷ್ಟ್ರು ಗೇಟಿನ ಬಳಿ ಕಾದಿದ್ದು ಕೈಮುಗಿದರು. “ಕಾವ್ಯಾ, ಸೋಮವಾರ ಒಂಚೂರು ಹೆದರ್ಕಳವ್ವ.”

ಗೆಳತಿಯರ ಜೊತೆ ಬಾಯಿಗೆ ಬಿಡುವಿಲ್ಲದೆ ಹರಟುತ್ತಿದ್ದ ಹುಡುಗಿ ಒಂದು ಗಳಿಗೆ ನಿಂತು, ಪ್ರಾಮಾಣಿಕವಾಗಿ ಪ್ರಯತ್ನಪಟ್ಟು ನೋಡಿದಳು.

“ಎದ್ರಕಳಾದು ಯಂಗೆ ಅಂತ್ಲೇ ಮರ್ತೋಗದೆ ಸಾ.”