ಪೆಟ್ಟಿಗೆಯೊಳಗಿನ ನಲವತ್ತು

ಹೆಂಡತಿ: ಇಡೀ ಲಾಟಿನ ಮುಚ್ಚಳಕ್ಕೆಲ್ಲ ರಿಜೆಕ್ಟ್ ಅಂತ ಕೆಂಪು ಬಳಿದಿದ್ದೀರಲ್ಲಾ, ತಲೆ ನೆಟ್ಟಗಿದೆಯಾ ನಿಮಗೆ?

ಗಂಡ: ತಲೆ ನೆಟ್ಟಗಿದೆ. ತೂತು ನೆಟ್ಟಗಿಲ್ಲ. ಅಂಚಿಂದ ನಲವತ್ತು ಮಿಲಿಮೀಟರ್ ಅಂತ ಬರೆದೋಳು ನೀನೇ. ಇದು ಕೂದಲೆಳೆಯಷ್ಟು ಜಾಸ್ತಿ ಇದೆ.

ಗಂಡ ಕಾರ್ಖಾನೆಯಲ್ಲಿ ತಯಾರಾದದ್ದನ್ನು ಅಳೆದು ನೋಡುವ ಇನ್‌ಸ್ಪೆಕ್ಟರು, ಹೆಂಡತಿ ಮೇಲಿನ ಮಹಡಿಯ ಡ್ರಾಯಿಂಗ್ ವಿಭಾಗದವಳು. ಈ ಪಂಪಿನ ಮುಚ್ಚಳ ಅವಳು ಒಬ್ಬಳೇ ಬರೆದ ಮೊದಲ ಡ್ರಾಯಿಂಗು. ಲಾಟು ರಿಜೆಕ್ಟ್ ಆದರೆ ಮತ್ತೆ ಬೇರೆಯವರ ಗೆರೆಗಳನ್ನು ನಕಲು ಮಾಡುತ್ತ ಕೂರಬೇಕು. ಆ ಭಯಕ್ಕೇ ಅವಳ ದನಿ ಇಷ್ಟು ಜೋರಾಗಿದ್ದದ್ದು.

ಹೆಂಡತಿ: ಅಷ್ಟು ಆಚೀಚೆ ಆಗಬಹುದು ಅಂತ ಡ್ರಾಯಿಂಗಲ್ಲೇ ಇದೆ.

ಗಂಡ: ಎಲ್ಲಿದೆ? ನಲವತ್ತರ ಸುತ್ತ ಪೆಟ್ಟಿಗೆ ಬರೆದಿದ್ದೀಯ. ಪ್ಲಸ್ ಇಲ್ಲ, ಮೈನಸ್ ಇಲ್ಲ. ಪೆಟ್ಟಿಗೆಯೊಳಗೆ ಹೋದ್ಮೇಲೆ ಮುಗೀತು, ಒಂದಿಷ್ಟೂ ಅಲ್ಲಾಡೋ ಹಾಗಿಲ್ಲ!

ಹೆಂಡತಿ: ಅಯ್ಯೋ ನನ್ನ ಜಾಣರೇ! ಪೆಟ್ಟಿಗೆಯಲ್ಲಿರೋದು ಬರೀ ಗುರಿ. ಗುರಿಗೆ ಯಾರಾದ್ರೂ ಪ್ಲಸ್ ಮೈನಸ್ ಹಾಕ್ತಾರಾ? ಎಷ್ಟು ತಪ್ಪಬಹುದು ಅನ್ನೋದು ಪಕ್ಕದ ಚೌಕಟ್ಟಲ್ಲಿದೆ.

ಗಂಡ: ಒಂದು ಕಡೆ ಕಟ್ಟಪ್ಪಣೆ, ಪಕ್ಕದಲ್ಲೇ ರಿಯಾಯಿತಿ. ಥೇಟ್ ನಿಮ್ಮಮ್ಮ!

ಹೆಂಡತಿ: ಅಮ್ಮನ ಸುದ್ದಿ ಬೇಡ. ಗುರಿಯ ಸುತ್ತ ಒಂದು ಪುಟ್ಟ ವೃತ್ತ ಇದೆ ಅಂದ್ಕೊಳ್ಳಿ. ತೂತಿನ ನಡುಬಿಂದು ಅದರೊಳಗೆ ಎಲ್ಲಿದ್ರೂ ಪಾಸು. ಇಷ್ಟು ವರ್ಷ ಅಳೆದೂ ಅಳೆದೂ ಇದು ಗೊತ್ತಾಗಲಿಲ್ವಾ?

ಇನ್‌ಸ್ಪೆಕ್ಟರು ಕನ್ನಡಕ ಹಾಕಿಕೊಂಡರು. ಸೋತೆ ಎಂದು ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ.

ಗಂಡ: ಸರಿ ಮಹಾತಾಯಿ. ನಾನು ಕೈಗೆ ಸಿಕ್ಕ ಅಂಚಿಂದ ಅಳೆದಿದ್ದೆ. ಸರಿಯಾದ ಅಂಚು ಯಾವುದು?

ಹೆಂಡತಿ: ಚೌಕಟ್ಟಿನ ಕೊನೇಲಿ 'ಎ' ಅಂತ ಇದೆಯಲ್ಲ. ಎ ಅಂತ ಗುರುತು ಹಾಕಿರೋ ಅಂಚಿಂದ ಅಳೀಬೇಕು.

ಗಂಡ: ಆ ಗುರುತು ಎಲ್ಲಿದೆ?

ಹೆಂಡತಿ: ಕಣ್ಣು ಕಾಣಲ್ವಾ? ಇಲ್ಲೇ...

ಅವಳ ಬೆರಳು ಮುಚ್ಚಳದ ಚಿತ್ರವನ್ನು ಒಂದು ಸುತ್ತು ಹಾಕಿ ಬಂತು, ಇನ್ನೊಂದು ಸುತ್ತೂ ಹಾಕಿತು. ಯಾವ ಅಂಚಿಗೂ ಎ ಇರಲಿಲ್ಲ. ಬರೆಯುವುದನ್ನೇ ಮರೆತಿದ್ದಳು. ನಾಚಿಕೆಯಿಂದ ಅವಳ ಮುಖ ಚಿಕ್ಕದಾಯಿತು.

ಗಂಡ: ಓಹೋಹೋ! ಗುರಿ ಇದೆ, ವೃತ್ತ ಇದೆ, ಎಲ್ಲಿಂದ ಅನ್ನೋದು ಮಾತ್ರ ದೇವರಿಗೇ ಗೊತ್ತು! ಅಗೋ, ಮಾಲೀಕರು ಮೆಟ್ಟಿಲಿಳೀತಿದ್ದಾರೆ. ಇಂಥ ಡ್ರಾಯಿಂಗನ್ನ ಯಾವ ಕುರುಡ ಪಾಸ್ ಮಾಡಿದ ಅಂತ ಅವರ ಮುಂದೇ ಕೇಳ್ತೀನಿ.

ಹೆಂಡತಿ: ಕೇಳೋದ್ಯಾಕೆ? ಮೂಲೆಯ ಪೆಟ್ಟಿಗೇಲಿ 'ಪರಿಶೀಲಿಸಿದವರು' ಅಂತ ಸಹಿ ಇದೆ, ನೋಡಿ.

ಗಂಡ ಬಗ್ಗಿ ನೋಡಿದರು. ಬಾಲ ಎಳೆದ ಆ ಸಹಿಯನ್ನು ಅವರು ದಿನವೂ ಹಾಕುತ್ತಿದ್ದರು.

ಗಂಡ: ಅದು... ನಾನು ಊಟಕ್ಕೆ ಕೂತಾಗ ನೀನು ತಂದ್ಕೊಟ್ಟೆ ಕಣೇ. ನಿನ್ನ ಮೇಲಿನ ನಂಬಿಕೆ... ಅದನ್ನೊಂದು ಸಹಿ ಅಂತ ಲೆಕ್ಕಕ್ಕೆ ತಗೋಬಾರದು.

ಹೆಂಡತಿ: ಪೆಟ್ಟಿಗೆಯೊಳಗಿದೆ ರೀ. ಒಂದಿಷ್ಟೂ ಅಲ್ಲಾಡೋ ಹಾಗಿಲ್ಲ.